ಮೈಯೊಳಗಿನ ಲೋಹ, ಮಾಯದ ಗಾಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಪರೇಷನ್ ಗಾಯಕ್ಕೆ ಮತ್ತು ಮೈಯೊಳಗೆ ಕೂರಿಸಿದ ಸಾಧನಗಳಿಗೆ ತಗಲುವ ಸೋಂಕಿನ ಬಗ್ಗೆ ಬಂದ ಪತ್ರಗಳಲ್ಲಿ ಒಂಬತ್ತನ್ನು ಆರಿಸಿಕೊಂಡಿದ್ದೇವೆ. ಹೆಸರು ಬಿಟ್ಟು ಊರಷ್ಟೇ ಉಳಿಸಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಅಮ್ಮನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂರು ವಾರದ ಹಿಂದೆ ಬಲ ಮಂಡಿ ಬದಲಿಸಿದರು. ಹೊಲಿಗೆ ಬಿಚ್ಚಿದ ಮೇಲೂ ಗಾಯದ ಕೆಳತುದಿಯಲ್ಲಿ ತಿಳಿ ರಸಿಗೆ ಒಸರುತ್ತಿದೆ, ದಿನಕ್ಕೆ ಒಂದು ಗಾಜ್ ನೆನೆಯುತ್ತದೆ. ಜ್ವರ ಇಲ್ಲ. ನಮ್ಮ ಬಡಾವಣೆಯ ಡಾಕ್ಟರು ಐದು ದಿನ ಆಂಟಿಬಯಾಟಿಕ್ ಕೊಟ್ಟರು, ನಿಂತಿತು. ಮಾತ್ರೆ ಮುಗಿದ ನಾಲ್ಕನೇ ದಿನ ಮತ್ತೆ ಶುರುವಾಗಿದೆ. ಇನ್ನೊಂದು ಕೋರ್ಸ್ ಕೊಡಿಸಲೇ? (ದಾವಣಗೆರೆ)

ಬೇಡ. ಆಪರೇಷನ್ ಮಾಡಿದ ಸರ್ಜನ್ ಹತ್ತಿರ ನಾಳೆಯೇ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಯಾವ ಆಂಟಿಬಯಾಟಿಕ್ ಕೂಡ ನುಂಗಿಸಬೇಡಿ. ಮಂಡಿ ಬದಲಿಸಿದ ಗಾಯ ಸಾಮಾನ್ಯವಾಗಿ ಮೂರರಿಂದ ಐದು ದಿನದೊಳಗೆ ಒಣಗುತ್ತದೆ. ಒಂದು ವಾರ ದಾಟಿಯೂ ಒಸರುತ್ತಿದ್ದರೆ ಅದನ್ನು 'ಹೊರಗಡೆಯ ಹೊಲಿಗೆ ಸ್ವಲ್ಪ ಕೆಟ್ಟಿದೆ' ಎಂದು ಬಿಟ್ಟುಬಿಡುವಂತಿಲ್ಲ. ರಸಿಗೆ ಹೊರಕ್ಕೆ ಬರುವ ದಾರಿಯಲ್ಲೇ ಚರ್ಮದ ಬ್ಯಾಕ್ಟೀರಿಯಾ ಒಳಕ್ಕೆ ಹೋಗುತ್ತದೆ. ಜ್ವರ ಇಲ್ಲವೆಂಬುದು ಧೈರ್ಯ ಕೊಡುವ ಮಾತಲ್ಲ, ಇಂಪ್ಲಾಂಟ್ (ಮೈಯೊಳಗೆ ಕೂರಿಸಿದ ಸಾಧನ) ಸೋಂಕಿನಲ್ಲಿ ಎಷ್ಟೋ ಸಲ ಜ್ವರವೇ ಬರುವುದಿಲ್ಲ.

ಮಾತ್ರೆ ತಿಂದಾಗ ನಿಂತು, ಬಿಟ್ಟಾಗ ಶುರುವಾಗುವುದು ಯಾಕೆ? ಬಚ್ಚಲು ಕಲ್ಲಿನ ಮೇಲಿನ ಪಾಚಿ ನೆನಪಿಸಿಕೊಳ್ಳಿ. ಎಷ್ಟು ನೀರು ಸುರಿದರೂ ಹೋಗುವುದಿಲ್ಲ, ತೆಂಗಿನ ನಾರು ಹಾಕಿ ತಿಕ್ಕಬೇಕು. ಲೋಹ, ಪ್ಲಾಸ್ಟಿಕ್, ಸಿಮೆಂಟಿನ ಮೇಲೆ ಬ್ಯಾಕ್ಟೀರಿಯಾ ಕೂತ ಮೇಲೆ ಅಂಥದೇ ಲೋಳೆ ಪದರ ಕಟ್ಟಿಕೊಳ್ಳುತ್ತದೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಪದರದ ಆಳದಲ್ಲಿರುವವು ಬಹುತೇಕ ನಿದ್ದೆಯಲ್ಲಿರುತ್ತವೆ. ಹೆಚ್ಚಿನ ಆಂಟಿಬಯಾಟಿಕ್‌ಗಳು ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಹೀಗಾಗಿ ಮಾತ್ರೆಗೆ ಸಾಯುವುದು ರಸಿಗೆಯಲ್ಲಿ ತೇಲುವವು ಮಾತ್ರ. ಲೋಹಕ್ಕೆ ರಕ್ತನಾಳವೂ ಇಲ್ಲ, ಬಿಳಿ ರಕ್ತಕಣ ಅಲ್ಲಿಗೆ ನೇರ ತಲುಪುವುದಿಲ್ಲ. 1957ರಲ್ಲಿ ಇಂಗ್ಲೆಂಡಿನ ಎಲೆಕ್ ಮತ್ತು ಕೊನೆನ್ ಸ್ವಯಂಸೇವಕರ ಚರ್ಮದಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದರು: ಬರಿ ಚರ್ಮಕ್ಕೆ ಚುಚ್ಚಿದಾಗ ಕೀವಾಗಲು ಹತ್ತಾರು ಲಕ್ಷ ಸ್ಟೆಫೈಲೊಕಾಕಸ್ (ಕೀವು ಮಾಡುವ ಒಂದು ಬ್ಯಾಕ್ಟೀರಿಯಾ) ಬೇಕಾದರೆ, ಒಂದು ರೇಷ್ಮೆ ಹೊಲಿಗೆ ದಾರ ಅಲ್ಲಿದ್ದಾಗ ಕೆಲವು ನೂರು ಸಾಕಾಗಿದ್ದವು. ದಾರಕ್ಕೇ ಹೀಗಾದರೆ ಇಡೀ ಮಂಡಿಯ ಲೋಹಕ್ಕೆ ಎಷ್ಟು ಎಂದು ಲೆಕ್ಕ ಹಾಕಿ.

ಸರ್ಜನ್ ಮಾಡಬೇಕಾದದ್ದು ಇಷ್ಟು. ರಕ್ತದಲ್ಲಿ ಸಿಆರ್‌ಪಿ, ಇಎಸ್‌ಆರ್ (ಉರಿಯೂತದ ಮಟ್ಟ ತೋರಿಸುವ ಎರಡು ಪರೀಕ್ಷೆ) ನೋಡುತ್ತಾರೆ. ಆಪರೇಷನ್ ಆದ ಎರಡು ಮೂರನೇ ದಿನ ಸಿಆರ್‌ಪಿ ಎಲ್ಲರಿಗೂ ಏರುತ್ತದೆ, ಆಮೇಲೆ ಇಳಿಯುತ್ತಾ ಹೋಗಬೇಕು. ಇಳಿದದ್ದು ಮತ್ತೆ ಏರಿದರೆ ಅನುಮಾನ. ಆಮೇಲೆ ಗಾಯದಿಂದ ದೂರ, ಸ್ವಚ್ಛ ಚರ್ಮದ ಮೂಲಕ ಮಂಡಿಗೆ ಸೂಜಿ ಹಾಕಿ ನೀರು ತೆಗೆದು ಬಿಳಿಕಣ ಎಣಿಸಿ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸಬೇಕು. ಗಾಯದ ಬಾಯಿಗೆ ಹತ್ತಿಕಡ್ಡಿ ತಿಕ್ಕಿ ಕಳಿಸಿದ ವರದಿಯನ್ನು ನಂಬಬೇಡಿ, ಅದರಲ್ಲಿ ಸಿಗುವುದು ಹೆಚ್ಚಾಗಿ ಚರ್ಮದ ಮೇಲಿನ ಬ್ಯಾಕ್ಟೀರಿಯಾ. ಮಾತ್ರೆ ಬೇಡ ಎಂದದ್ದು ಈ ಪರೀಕ್ಷೆಗಾಗಿಯೇ. ಒಂದೆರಡು ಗುಳಿಗೆ ಒಳಗೆ ಹೋಗಿದ್ದರೂ ಕಲ್ಚರ್ 'ಬೆಳವಣಿಗೆ ಇಲ್ಲ' ಎಂದು ಬರಬಹುದು. ಹಳೆಯ ಸೋಂಕಾಗಿದ್ದು ರೋಗಿ ಗಟ್ಟಿಯಾಗಿದ್ದರೆ ಎರಡು ವಾರ ಆಂಟಿಬಯಾಟಿಕ್ ನಿಲ್ಲಿಸಿ ಸೂಜಿ ಹಾಕುತ್ತಾರೆ. ನಿಮ್ಮ ತಾಯಿಯವರದು ಹೊಸದು, ಅಷ್ಟು ಕಾಯುವಂತಿಲ್ಲ. ಐದು ದಿನದ ಮಾತ್ರೆಯ ಹೆಸರು ಬರೆದುಕೊಂಡು ಹೋಗಿ ತೋರಿಸಿ.

ಸೋಂಕು ಹೌದೆಂದಾದರೆ, ಮೊದಲ ಕೆಲವು ವಾರಗಳಲ್ಲಿ ಕೀಲನ್ನು ಉಳಿಸಿಕೊಂಡೇ ತೊಳೆಯುವ ಅವಕಾಶ ಇರುತ್ತದೆ. ಗಾಯ ಪೂರ್ತಿ ತೆರೆದು, ಕೆಟ್ಟ ಅಂಗಾಂಶವನ್ನೆಲ್ಲ ಕತ್ತರಿಸಿ, ಬೇರೆ ಬೇರೆ ಚಿಮಟದಲ್ಲಿ ಐದಾರು ತುಣುಕು ಕಲ್ಚರ್‌ಗೆ ತೆಗೆದು, ಲೀಟರ್‌ಗಟ್ಟಲೆ ಸಲೈನ್‌ನಲ್ಲಿ ತೊಳೆಯುತ್ತಾರೆ. ಲೋಹದ ಎರಡು ಭಾಗಗಳ ನಡುವಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಬದಲಿಸಲೇಬೇಕು, ಅದರ ಹಿಂದೆಯೇ ಲೋಳೆ ಅಡಗಿರುವುದು. ಬಿಲ್ಲೆ ಬದಲಿಸದೆ ಸಣ್ಣ ತೂತಿನಿಂದ ತೊಳೆದು ಮುಗಿಸುತ್ತೇವೆ ಎಂದರೆ ಎರಡನೇ ಅಭಿಪ್ರಾಯ ಕೇಳಿ. ಆಮೇಲೆ ಆಂಟಿಬಯಾಟಿಕ್ 12 ವಾರ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ 6 ವಾರ ತೆಗೆದುಕೊಂಡವರಲ್ಲಿ ಸುಮಾರು 18% ಜನರಿಗೆ ಸೋಂಕು ಉಳಿದಿತ್ತು, 12 ವಾರದವರಲ್ಲಿ ಸುಮಾರು 9%. ಸ್ಟೆಫೈಲೊಕಾಕಸ್ ಆಗಿದ್ದರೆ ರಿಫಾಂಪಿಸಿನ್ ಜೊತೆಗೆ ಸೇರಿಸುತ್ತಾರೆ. ಕ್ಷಯದ ಮಾತ್ರೆ ಯಾಕೆ ಕೊಟ್ಟರು ಎಂದು ಗಾಬರಿಯಾಗಬೇಡಿ, ಲೋಳೆಯೊಳಗಿನ ಸ್ಟೆಫೈಲೊಕಾಕಸ್ಸನ್ನು ಮುಟ್ಟುವ ಕೆಲವೇ ಔಷಧಗಳಲ್ಲಿ ಅದೊಂದು. ಒಂಟಿಯಾಗಿ ಮಾತ್ರ ಕೊಡಬಾರದು, ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರಾದರೆ ಅದರ ಶಕ್ತಿ ತಗ್ಗುತ್ತದೆ, ಡಾಕ್ಟರಿಗೆ ಹೇಳಿ.

ಅವಕಾಶದ ಸಮಯ ಮೀರಿದರೆ ಕೀಲನ್ನೇ ಹೊರತೆಗೆದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ಸುಮಾರು ಆರು ವಾರ ಔಷಧ ಕೊಟ್ಟು, ಎರಡು ಮೂರು ತಿಂಗಳ ನಂತರ ಹೊಸದು ಹಾಕುತ್ತಾರೆ. ಅಂದರೆ ಇನ್ನೆರಡು ದೊಡ್ಡ ಆಪರೇಷನ್. ಈಗ ಇನ್ನೊಂದು ಕೋರ್ಸ್ ಕೊಡಿಸಿ ಕಳೆಯುವ ಪ್ರತಿ ವಾರವೂ ಆ ಕಡೆಗೇ ತಳ್ಳುತ್ತದೆ.

ಆಪರೇಷನ್ ಆದವರು ಬದನೆಕಾಯಿ, ಕುಂಬಳಕಾಯಿ, ಮೀನು, ಮೊಟ್ಟೆ ತಿಂದರೆ ನಂಜಾಗುತ್ತದೆ ಎಂದು ಅತ್ತೆ ಬರಿ ಗಂಜಿ, ಸಾರನ್ನ ಕೊಡುತ್ತಿದ್ದಾರೆ. ಒಂದು ತಿಂಗಳಾಯಿತು. ನಿಜವೇ? (ಮಂಡ್ಯ)

ಬದನೆಕಾಯಿಗೂ ಕೀವಿಗೂ ಸಂಬಂಧವಿಲ್ಲ. ಅತ್ತೆಯವರೊಂದಿಗೆ ಬದನೆಕಾಯಿಗಾಗಿ ಜಗಳವಾಡುವುದೂ ಬೇಡ, ಅದಿಲ್ಲದೆ ಗಾಯ ಮಾಯುತ್ತದೆ. ಮಾಯದಿರುವುದು ಮೊಟ್ಟೆ, ಬೇಳೆ, ಮೀನು ಬಿಟ್ಟಾಗ. ಗಾಯ ಕೂಡಲು ಮೈಗೆ ಪ್ರೋಟೀನ್ ಬೇಕು: ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕೆಜಿ ಇರುವವರಿಗೆ 72ರಿಂದ 90 ಗ್ರಾಂ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ, 100 ಗ್ರಾಂ ಮೀನು ಅಥವಾ ಕೋಳಿಯಲ್ಲಿ 20 ಗ್ರಾಂ ಮೇಲೆ, 100 ಗ್ರಾಂ ಹುರುಳಿಕಾಳಿನಲ್ಲಿ (ಬೇಯಿಸುವ ಮುಂಚಿನ ತೂಕ) 22 ಗ್ರಾಂ ಹತ್ತಿರ. ತಿಳಿಸಾರಿನಲ್ಲಿ ಬೇಳೆ ತಳದಲ್ಲೇ ಉಳಿಯುತ್ತದೆ, ತಟ್ಟೆಗೆ ಬರುವುದು ಹುಣಸೆ ನೀರು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಲೆಕ್ಕವನ್ನು ತಮ್ಮ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಪಥ್ಯ ಮಾಡಲೇಬೇಕೆಂದಿದ್ದರೆ ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡಿ. ನಂಜು ಏರಿಸುವುದು ಅವು.

ಎರಡು ತಿಂಗಳ ಹಿಂದೆ ನನಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಯಿತು. ಗಾಯ ಚೆನ್ನಾಗಿ ಒಣಗಿತ್ತು. ಐದನೇ ವಾರ ಹೊಕ್ಕುಳ ಹತ್ತಿರದ ತೂತಿನಲ್ಲಿ ಗಂಟಾಗಿ, ಒಡೆದು, ತೆಳ್ಳಗೆ ಸೋರುತ್ತಿದೆ. ಈಗ ಪಕ್ಕೆಯ ತೂತಿನಲ್ಲೂ ಗಂಟು. ಮೂರು ಬಗೆ ಆಂಟಿಬಯಾಟಿಕ್ ಆಯಿತು. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಟಿಬಿ ಇರಬಹುದು ಎನ್ನುತ್ತಿದ್ದಾರೆ. (ಹುಬ್ಬಳ್ಳಿ)

ನೀವು ಬರೆದ ನಾಲ್ಕು ಸಂಗತಿ, ಅಂದರೆ ಮೊದಲು ಒಣಗಿದ್ದು, ತಿಂಗಳ ಮೇಲೆ ಗಂಟಾದದ್ದು, ಒಂದಕ್ಕಿಂತ ಹೆಚ್ಚು ತೂತಿನಲ್ಲಿ ಬಂದದ್ದು, ಸಾಮಾನ್ಯ ಕಲ್ಚರ್ ಖಾಲಿ ಬಂದದ್ದು, ಒಟ್ಟು ಸೇರಿದರೆ ಮೊದಲು ನೆನಪಾಗಬೇಕಾದ್ದು ಟಿಬಿಯ ದಾಯಾದಿಗಳು. ಮೈಕೊಬ್ಯಾಕ್ಟೀರಿಯಂ ಫಾರ್ಚುಯಿಟಂ, ಚೆಲೊನೆ, ಅಬ್ಸೆಸಸ್ ಎಂಬಿವು ನೀರು, ಮಣ್ಣಿನಲ್ಲಿ ಬದುಕುವಂಥವು, ಒಬ್ಬರಿಂದ ಒಬ್ಬರಿಗೆ ಹರಡುವ ಕ್ಷಯವಲ್ಲ. ಮಾಮೂಲಿ ಗಾಯದ ಕೀವು ಐದರಿಂದ ಹತ್ತನೇ ದಿನದೊಳಗೆ ಕಾಣಿಸುತ್ತದೆ. ಇವು ನಿಧಾನ, ಮೂರನೇ ವಾರದಿಂದ ಎರಡು ಮೂರು ತಿಂಗಳವರೆಗೂ ಆಗಬಹುದು. ಜ್ವರ ಇರುವುದಿಲ್ಲ, ನೋವೂ ಹೆಚ್ಚಿಲ್ಲ, ಗಾಯ ಮಾತ್ರ ಮುಚ್ಚಿಕೊಳ್ಳುವುದೇ ಇಲ್ಲ.

ಎಲ್ಲಿಂದ ಬಂತು? ಬಹುತೇಕ ಉಪಕರಣದಿಂದ. ಲ್ಯಾಪರೋಸ್ಕೋಪಿಯ ಚಿಮಟ, ಕತ್ತರಿಗಳು ಉದ್ದನೆಯ ಕೊಳವೆಗಳು. ತುದಿಯಲ್ಲಿ ಕೀಲು, ಮೇಲೆ ವಿದ್ಯುತ್ ತಾಗದಂತೆ ಪ್ಲಾಸ್ಟಿಕ್ ಕವಚ. ಕೀಲಿನ ಸಂದಿಯಲ್ಲಿ, ಕವಚದ ಅಡಿಯಲ್ಲಿ ರಕ್ತ, ಕೊಬ್ಬು ಒಣಗಿ ಕೂತರೆ ಯಾವ ದ್ರಾವಣವೂ ಅದನ್ನು ದಾಟಿ ಒಳಹೋಗುವುದಿಲ್ಲ. ದಿನಕ್ಕೆ ಆರೇಳು ಕೇಸ್ ನಡೆಯುವ ಕಡೆ, ಒಂದು ಮುಗಿದು ಇನ್ನೊಂದಕ್ಕೆ ನಡುವೆ ಉಪಕರಣವನ್ನು 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಿ ತೆಗೆಯುವ ರೂಢಿ ಇದೆ. 20 ನಿಮಿಷ ಸೋಂಕು ತಗ್ಗಿಸುತ್ತದೆ, ಪೂರ್ತಿ ಕ್ರಿಮಿಶುದ್ಧಿ ಮಾಡುವುದಿಲ್ಲ. ಅದಕ್ಕೆ 10 ಗಂಟೆ ಬೇಕು. ಬಿಡಿಭಾಗ ಬಿಚ್ಚದೆ, ಬ್ರಷ್‌ನಲ್ಲಿ ಉಜ್ಜದೆ ಮುಳುಗಿಸಿದರೆ 10 ಗಂಟೆಯೂ ವ್ಯರ್ಥ. ಸಾಲದ್ದಕ್ಕೆ ದ್ರಾವಣದ ವಾಸನೆ ಹೋಗಲೆಂದು ನಲ್ಲಿ ನೀರಿನಲ್ಲೋ ಕಾಯಿಸಿ ಆರಿಸಿದ ನೀರಿನಲ್ಲೋ ಜಾಲಿಸಿದರೆ, ಆ ನೀರಿನ ಮೈಕೊಬ್ಯಾಕ್ಟೀರಿಯಾ ನೇರ ಹೊಟ್ಟೆಗೆ. ಬಿಚ್ಚಿ ತೊಳೆದು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡುವುದೇ ಸರಿಯಾದ ದಾರಿ. ಬಿಸಿ ತಾಳದ ಭಾಗಗಳಿಗೆ ಎಥಿಲೀನ್ ಆಕ್ಸೈಡ್ ಅಥವಾ ಪ್ಲಾಸ್ಮಾ ಯಂತ್ರ. ನಿಮಗಾದದ್ದು ಹೀಗೆಯೇ ಎಂದು ಪತ್ರ ನೋಡಿ ತೀರ್ಪು ಕೊಡಲಾಗದು. ಅದೇ ವಾರ ಅದೇ ಕಡೆ ಆಪರೇಷನ್ ಆದ ಇನ್ನೊಬ್ಬರಿಗೂ ಹೀಗಾಗಿದ್ದರೆ ಆಸ್ಪತ್ರೆಯವರು ಕೂಡಲೇ ಉಪಕರಣ, ನೀರು, ದ್ರಾವಣ ಮೂರನ್ನೂ ಪರೀಕ್ಷಿಸಬೇಕು.

ಈಗ ಕೇಳಬೇಕಾದ ಪರೀಕ್ಷೆ: ಗಂಟಿನ ಗೋಡೆಯ ತುಣುಕು, ಇಲ್ಲವೇ ಒಡೆಯದ ಗಂಟಿನಿಂದ ಸೂಜಿಯಲ್ಲಿ ತೆಗೆದ ಕೀವು. ಚೀಟಿಯಲ್ಲಿ 'ಎಎಫ್‌ಬಿ ಸ್ಟೇನ್ ಮತ್ತು ಮೈಕೊಬ್ಯಾಕ್ಟೀರಿಯಾ ಕಲ್ಚರ್' (ಟಿಬಿ ಬಳಗದ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆಗಳು) ಎಂದೇ ಬರೆಸಬೇಕು. ಬರೆಸದಿದ್ದರೆ ಲ್ಯಾಬಿನವರು ಮಾಮೂಲಿನಂತೆ ಎರಡು ಮೂರು ದಿನ ನೋಡಿ ತಟ್ಟೆ ಎಸೆಯುತ್ತಾರೆ. ತುಣುಕನ್ನು ಸಲೈನ್‌ನಲ್ಲಿ ಕಳಿಸಬೇಕು, ಫಾರ್ಮಲಿನ್‌ನಲ್ಲಿ ಹಾಕಿದರೆ ಕಲ್ಚರ್ ಆಗುವುದಿಲ್ಲ. ಟಿಬಿ ಪತ್ತೆಯ ಸಿಬಿನ್ಯಾಟ್ ಯಂತ್ರ ಕ್ಷಯದ ಬ್ಯಾಕ್ಟೀರಿಯಾವನ್ನಷ್ಟೇ ಗುರುತಿಸುತ್ತದೆ, ಅದು ನೆಗೆಟಿವ್ ಬಂದರೆ ಈ ದಾಯಾದಿಗಳಿಲ್ಲ ಎಂದರ್ಥವಲ್ಲ. ಕಲ್ಚರ್ ಬರುವ ಮೊದಲೇ ಟಿಬಿಯ ನಾಲ್ಕು ಮಾತ್ರೆ ಶುರು ಮಾಡುವುದಕ್ಕೆ ಒಪ್ಪಬೇಡಿ, ಈ ಮೂರು ಜಾತಿಗೆ ಅವುಗಳಿಂದ ಉಪಯೋಗ ಇಲ್ಲವೆನ್ನುವಷ್ಟು ಕಡಿಮೆ. ಚಿಕಿತ್ಸೆ ಎಂದರೆ ಸೋರುವ ದಾರಿಯನ್ನು ಬುಡಸಮೇತ ಕತ್ತರಿಸಿ ತೆಗೆಯುವುದು, ಜೊತೆಗೆ ಕಲ್ಚರ್ ವರದಿ ನೋಡಿ ಕ್ಲಾರಿಥ್ರೊಮೈಸಿನ್, ಅಮಿಕಾಸಿನ್‌ನಂಥ ಎರಡು ಔಷಧ. ಸಾಮಾನ್ಯವಾಗಿ ನಾಲ್ಕು ತಿಂಗಳಾದರೂ ಬೇಕು. ಗಾಯ ಒಣಗಿತೆಂದು ಒಂದೂವರೆ ತಿಂಗಳಿಗೆ ನಿಲ್ಲಿಸಿದವರಿಗೆ ಮರುಕಳಿಸುವುದು ಮಾಮೂಲು.

ಪಾರ್ಶ್ವವಾಯು ಆದ ಮಾವನವರಿಗೆ ಐದು ವಾರದಿಂದ ಮೂತ್ರದ ಕ್ಯಾಥೆಟರ್ ಇದೆ. ನಿನ್ನೆಯಿಂದ ಚೀಲ ನೇರಳೆ ಬಣ್ಣಕ್ಕೆ ತಿರುಗಿದೆ! ಕಲ್ಚರ್‌ನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಎಂದು ಬಂದಿದೆ. ಜ್ವರವಿಲ್ಲ, ಊಟ ಮಾಡುತ್ತಿದ್ದಾರೆ. ಇಂಜೆಕ್ಷನ್ ಬೇಕೇ? (ಶಿರಸಿ)

ನೇರಳೆ ಚೀಲ ನೋಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಅದು ಬಣ್ಣದ ಆಟ. ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಕರುಳಿನಲ್ಲಿ ಒಡೆದು, ಲಿವರ್ ದಾಟಿ ಮೂತ್ರಕ್ಕೆ ಬರುತ್ತದೆ. ಕ್ಯಾಥೆಟರ್‌ನಲ್ಲಿ ಮನೆಮಾಡಿದ ಕೆಲವು ಬ್ಯಾಕ್ಟೀರಿಯಾ ಅದನ್ನು ನೀಲಿ ಇಂಡಿಗೊ ಮತ್ತು ಕೆಂಪು ಇಂಡಿರುಬಿನ್ ಆಗಿ ಮಾಡುತ್ತವೆ. ಎರಡೂ ಸೇರಿ ಚೀಲದ ಪ್ಲಾಸ್ಟಿಕ್ ನೇರಳೆ. ಮಲಬದ್ಧತೆ ಇದ್ದವರಲ್ಲಿ ಹೆಚ್ಚು. ಮಲ ಸಲೀಸಾಗುವಂತೆ ನೋಡಿಕೊಳ್ಳಿ, ಕ್ಯಾಥೆಟರ್ ಮತ್ತು ಚೀಲ ಬದಲಿಸಿ, ಸಾಕು.

ಕಲ್ಚರ್ ವಿಷಯ. ಕ್ಯಾಥೆಟರ್ ಹಾಕಿದ ಮೇಲೆ ದಿನಕ್ಕೆ 3ರಿಂದ 7% ಜನರ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರುತ್ತಾ ಹೋಗುತ್ತದೆ, ಒಂದು ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ಐದನೇ ವಾರ ಕಲ್ಚರ್ ಮಾಡಿಸಿದರೆ ಪಾಸಿಟಿವ್ ಬರದಿದ್ದರೇ ಆಶ್ಚರ್ಯ. ಮೂತ್ರ ಕದಡಿದೆ, ವಾಸನೆ ಬರುತ್ತಿದೆ ಎಂಬ ಕಾರಣಕ್ಕೆ ಔಷಧ ಬೇಡ. ಈಗ ಇಂಜೆಕ್ಷನ್ ಕೊಟ್ಟರೆ ಸಾಧಾರಣ ಬ್ಯಾಕ್ಟೀರಿಯಾ ಸತ್ತು, ಯಾವ ಔಷಧಕ್ಕೂ ಜಗ್ಗದ್ದು ಅದೇ ಜಾಗದಲ್ಲಿ ಕೂರುತ್ತದೆ. ಜ್ವರ, ನಡುಕ, ಪಕ್ಕೆನೋವು, ಕಿಬ್ಬೊಟ್ಟೆ ನೋವು, ಇದ್ದಕ್ಕಿದ್ದಂತೆ ಮಂಕು ಅಥವಾ ಬಡಬಡಿಕೆ ಕಾಣಿಸಿಕೊಂಡರೆ ಮಾತ್ರ ಚಿಕಿತ್ಸೆ. ಆಗಲೂ ಕ್ರಮ ಇದು: ಹಳೆ ಕ್ಯಾಥೆಟರ್ ತೆಗೆದು ಹೊಸದು ಹಾಕಿ, ಹೊಸದರಿಂದ ಮೂತ್ರ ತೆಗೆದು ಕಳಿಸಿ, ಆಮೇಲೆ ಔಷಧ. ಚೀಲದ ನಲ್ಲಿಯಿಂದ ಬಾಟಲಿಗೆ ಹಿಡಿದು ಕಳಿಸಿದ ಮಾದರಿ ಕಸಕ್ಕೆ ಸಮ.

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಗಾಲಿಕುರ್ಚಿಗೆ ಕೂರಿಸುವಾಗ ಚೀಲವನ್ನು ಮಡಿಲಲ್ಲಿ ಇಡುವುದು ದಿನನಿತ್ಯದ ತಪ್ಪು, ಕೊಳವೆಯಲ್ಲಿದ್ದ ಮೂತ್ರವೆಲ್ಲ ವಾಪಸ್ ಒಳಕ್ಕೆ. ಮೂರನೇ ಎರಡು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಿ, ನಲ್ಲಿಯ ಮೂತಿ ಪಾತ್ರೆಗೆ ತಾಗಿಸಬೇಡಿ. ದಿನಕ್ಕೊಮ್ಮೆ ಸೋಪು ನೀರಿನಲ್ಲಿ ಆ ಜಾಗ ತೊಳೆದರಾಯಿತು, ಡೆಟಾಲ್ ಬೇಡ. ಕ್ಯಾಥೆಟರನ್ನು ತೊಡೆಗೆ ಪಟ್ಟಿ ಹಾಕಿ ನಿಲ್ಲಿಸಿ. ಪೂರ್ತಿ ಸಿಲಿಕೋನ್‌ನದು 12 ವಾರದವರೆಗೆ, ಸಿಲಿಕೋನ್ ಲೇಪದ ಲೇಟೆಕ್ಸ್ ಸುಮಾರು 4 ವಾರ ಇಡಬಹುದು. ಪೊಟ್ಟಣದ ಮೇಲೆ ಬರೆದಿರುತ್ತದೆ, ಎಸೆಯಬೇಡಿ. ಇಷ್ಟೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಕ್ಯಾಥೆಟರ್ ಇನ್ನೂ ಬೇಕೇ ಎಂದು. ಬಟ್ಟೆ ಒದ್ದೆಯಾಗದಿರಲಿ ಎಂಬುದಷ್ಟೇ ಕಾರಣವಾಗಿದ್ದರೆ ಗಂಡಸರಿಗೆ ಕಾಂಡೋಮ್ ಮಾದರಿಯ ಹೊರಕೊಳವೆ ಸಾಕಾಗುತ್ತದೆ.

ಮನೆಯಲ್ಲೇ ಡ್ರೆಸಿಂಗ್ ಮಾಡಬೇಕಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬಂದು ಕೀವೆಲ್ಲ ಹೋಗುತ್ತದೆ ಎನ್ನುತ್ತಾರೆ. (ಪುತ್ತೂರು)

ನೊರೆ ಬರುವುದು ರಕ್ತ, ಅಂಗಾಂಶ ತಾಗಿದ್ದಕ್ಕೆ. ಹೊಸ ಚರ್ಮದ ಕೋಶಗಳೂ ಅದರಲ್ಲೇ ಸಾಯುತ್ತವೆ. ಸ್ಪಿರಿಟ್ ಕೂಡ ತೆರೆದ ಗಾಯಕ್ಕೆ ಬೇಡ. ಆಂಟಿಬಯಾಟಿಕ್ ಪುಡಿ ಉದುರಿಸಿದರೆ ರಸಿಗೆಯೊಂದಿಗೆ ಹೆಪ್ಪುಗಟ್ಟಿ ಅಡಿಯಲ್ಲಿ ಕೀವು ನಿಲ್ಲುತ್ತದೆ. ಅರಿಶಿನ, ಕಾಫಿಪುಡಿ, ಬೂದಿ ಯಾವುದೂ ಕ್ರಿಮಿಶುದ್ಧವಲ್ಲ. ಮಣ್ಣು, ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತದೆ.

ಅಂಗಡಿಯ ಸಲೈನ್ ಬಾಟಲಿ ಸಾಕು. ಸಿಗದಿದ್ದರೆ ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, 9 ಗ್ರಾಂ ಉಪ್ಪು (ಪುಡಿಉಪ್ಪು, ತಲೆಗೆರೆದ ಒಂದೂವರೆ ಟೀ ಚಮಚ) ಹಾಕಿ, ಮುಚ್ಚಿ ಆರಿಸಿ, ಒಂದೇ ದಿನ ಬಳಸಿ. ಕೈಯನ್ನು ಸೋಪಿನಲ್ಲಿ 40 ಸೆಕೆಂಡಿಗೆ ಕಡಿಮೆಯಿಲ್ಲದಂತೆ ತೊಳೆಯಿರಿ, ಉಂಗುರ, ಬಳೆ ತೆಗೆದಿಡಿ. ಹಳೆ ಗಾಜ್ ಅಂಟಿದ್ದರೆ ಎಳೆಯಬೇಡಿ, ಸಲೈನ್ ಸುರಿದು ಐದು ನಿಮಿಷ ಬಿಡಿ, ತಾನೇ ಸಡಿಲಾಗುತ್ತದೆ. ಮತ್ತೆ ಕೈ ತೊಳೆದು, ಹೊಸ ಗಾಜ್ ನೆನೆಸಿ ಗಾಯದ ನಡುವಿನಿಂದ ಹೊರಕ್ಕೆ ಒರೆಸಿ. ಒಮ್ಮೆ ಒರೆಸಿದ ಗಾಜ್ ವಾಪಸ್ ಗಾಯಕ್ಕೆ ತಾಗಕೂಡದು. ಹತ್ತಿ ಬಳಸಬೇಡಿ, ಎಳೆ ಗಾಯದಲ್ಲಿ ಉಳಿಯುತ್ತದೆ. ಸುತ್ತಲ ಚರ್ಮ ಒಣಗಿಸಿ ಮುಚ್ಚಿ.

ಒಂದು ಉಪಾಯ: ಕೆಂಪಾದ ಅಂಚಿನುದ್ದಕ್ಕೂ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಖು, ಗಂಟೆ ಬರೆಯಿರಿ. ಮೊದಲ ಎರಡು ಮೂರು ದಿನ ಹೊಲಿಗೆಯ ಅಕ್ಕಪಕ್ಕ ತುಸು ಕೆಂಪು ಸಹಜ. ಕೆಂಪು ಗೆರೆ ದಾಟಿದರೆ ಡಾಕ್ಟರಿಗೆ ತೋರಿಸಿ. ಕಾಣುವ ಗಾಯಕ್ಕೆ ಹೊಂದದಷ್ಟು ವಿಪರೀತ ನೋವು, ಚರ್ಮ ಕಪ್ಪಾಗುವುದು, ಒತ್ತಿದರೆ ಅಡಿಯಲ್ಲಿ ಹಪ್ಪಳ ಮುರಿದಂಥ ಚರಚರ, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ.

ಬೈಕ್ ಅಪಘಾತದಲ್ಲಿ ತಮ್ಮನ ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡ್ ಹಾಕಿದ್ದಾರೆ. ನಾಲ್ಕು ತಿಂಗಳಾಯಿತು, ಒಂದು ಕಡೆ ಕೀವು ಸೋರುತ್ತಿದೆ. ಮೂಳೆ ಇನ್ನೂ ಕೂಡಿಲ್ಲ. ರಾಡೇ ಕಾರಣ, ತೆಗೆಸಿ ಎಂದು ಎಲ್ಲರೂ ಹೇಳುತ್ತಾರೆ. ಮೂಳೆ ಡಾಕ್ಟರು ಈಗ ಬೇಡ ಎನ್ನುತ್ತಾರೆ. (ಬೀದರ್)

ಡಾಕ್ಟರು ಸರಿ, ಒಂದು ಷರತ್ತಿನ ಮೇಲೆ: ರಾಡ್ ಮೂಳೆಯನ್ನು ಬಿಗಿಯಾಗಿ ಹಿಡಿದಿರಬೇಕು. ಸೋಂಕಿದ್ದರೂ ಅಲುಗದ ಮೂಳೆ ಕೂಡುತ್ತದೆ. ಅಲುಗುವ ಮೂಳೆಯಲ್ಲಿ ಸೋಂಕೂ ಆರುವುದಿಲ್ಲ, ಮೂಳೆಯೂ ಕೂಡುವುದಿಲ್ಲ. ಆದ್ದರಿಂದ ಕೆಟ್ಟ ಅಂಗಾಂಶ ಕತ್ತರಿಸಿ, ಆಳದ ತುಣುಕುಗಳ ಕಲ್ಚರ್ ಮೇಲೆ ಔಷಧ ಕೊಟ್ಟು ಸೋಂಕನ್ನು ಅದುಮಿಟ್ಟು ಮೂಳೆ ಕೂಡಿಸಿಕೊಳ್ಳುತ್ತಾರೆ. ಕೂಡಿದ ಮೇಲೆ ರಾಡ್ ತೆಗೆದು ಮಜ್ಜೆಯ ಕೊಳವೆಯನ್ನು ಕೆರೆದು ತೊಳೆಯುತ್ತಾರೆ. ಮಂಡಿಯಲ್ಲಿ ಮಾಡಿದ್ದಕ್ಕಿಂತ ಇಲ್ಲಿನ ಲೆಕ್ಕ ಬೇರೆಯಾಗುವುದು ಇದಕ್ಕೇ. ಕೀಲು ಸಾಯುವವರೆಗೆ ಒಳಗಿರಬೇಕು, ರಾಡ್ ಮೂಳೆ ಕೂಡುವವರೆಗೆ ಇದ್ದರೆ ಸಾಕು. ಎಕ್ಸ್‌ರೇಯಲ್ಲಿ ಸ್ಕ್ರೂ ಮುರಿದಿದ್ದರೆ ಅಥವಾ ರಾಡ್ ಸುತ್ತ ಕಪ್ಪು ಗೆರೆ ಅಗಲವಾಗುತ್ತಿದ್ದರೆ ರಾಡ್ ಸಡಿಲಾಗಿದೆ. ಆಗ ಈಗಲೇ ತೆಗೆದು ಹೊರಗಿನ ಚೌಕಟ್ಟು ಅಥವಾ ಆಂಟಿಬಯಾಟಿಕ್ ಸಿಮೆಂಟ್ ಸವರಿದ ರಾಡ್ ಹಾಕಬೇಕಾಗುತ್ತದೆ.

ತಮ್ಮ ಸಿಗರೇಟು ಸೇದುತ್ತಾನೆಯೇ? ಪತ್ರದಲ್ಲಿ ಬರೆದಿಲ್ಲ. ಸೇದುತ್ತಿದ್ದರೆ ಮೂಳೆ ಕೂಡದಿರುವುದಕ್ಕೆ ಅದು ದೊಡ್ಡ ಕಾರಣ. ಇನ್ನೊಂದು, ಇಂಥ ಸೋರುವ ತೂತನ್ನು ವರ್ಷಗಟ್ಟಲೆ ಬಟ್ಟೆ ಕಟ್ಟಿಕೊಂಡು ಓಡಾಡುವವರಿದ್ದಾರೆ. ದಶಕಗಳ ನಂತರ ಅದರ ಅಂಚಿನಲ್ಲಿ ಚರ್ಮದ ಕ್ಯಾನ್ಸರ್ ಬರುವುದುಂಟು.

ಅಪ್ಪನಿಗೆ ಕುತ್ತಿಗೆಯ ಕ್ಯಾಥೆಟರ್‌ನಲ್ಲಿ ಡಯಾಲಿಸಿಸ್. ಮನೆಯಲ್ಲಿ ಆರಾಮಾಗಿರುತ್ತಾರೆ, ಯಂತ್ರಕ್ಕೆ ಜೋಡಿಸಿದ ಅರ್ಧ ಗಂಟೆಗೆ ಚಳಿಜ್ವರ. ಪ್ಯಾರಾಸಿಟಮಾಲ್ ಕೊಟ್ಟು ಮುಗಿಸುತ್ತಾರೆ. (ಬಳ್ಳಾರಿ)

ಪ್ಯಾರಾಸಿಟಮಾಲ್‌ನಲ್ಲಿ ಮುಗಿಯುವ ವಿಷಯವಲ್ಲ. ಕ್ಯಾಥೆಟರ್ ಒಳಗೋಡೆಯ ಲೋಳೆ ಯಂತ್ರದ ರಭಸಕ್ಕೆ ಕಿತ್ತು ರಕ್ತಕ್ಕೆ ಸೇರುವಾಗ ಹೀಗೆ ನಡುಕ ಬರುತ್ತದೆ. ನಡುಕ ಬಂದಾಗಲೇ, ಆಂಟಿಬಯಾಟಿಕ್‌ಗೆ ಮೊದಲು, ಎರಡು ಬ್ಲಡ್ ಕಲ್ಚರ್ ತೆಗೆಯಲು ಹೇಳಿ: ಒಂದು ಕ್ಯಾಥೆಟರ್‌ನಿಂದ, ಇನ್ನೊಂದು ಬೇರೆ ರಕ್ತನಾಳದಿಂದ. ಕ್ಯಾಥೆಟರ್‌ನ ಬಾಟಲಿ ಎರಡು ಗಂಟೆಯಷ್ಟು ಮೊದಲೇ ಪಾಸಿಟಿವ್ ಆದರೆ ಮೂಲ ಕ್ಯಾಥೆಟರ್ರೇ. ಸ್ಟೆಫೈಲೊಕಾಕಸ್ ಆರಿಯಸ್ ಬಂದರೆ ಕ್ಯಾಥೆಟರ್ ತೆಗೆಯಬೇಕು, ಜೊತೆಗೆ ಹೃದಯದ ಕವಾಟಕ್ಕೆ ಹತ್ತಿದೆಯೇ ಎಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಬೆನ್ನುನೋವು ಹೊಸದಾಗಿ ಬಂದರೂ ಹೇಳಿ, ಬೆನ್ನುಮೂಳೆಗೂ ಹತ್ತುತ್ತದೆ.

ಜೋಡಿಸುವಾಗ, ಬಿಚ್ಚುವಾಗ ಸಿಬ್ಬಂದಿಯೂ ಅಪ್ಪನೂ ಮಾಸ್ಕ್ ಹಾಕಿರಬೇಕು. ಕ್ಯಾಥೆಟರ್ ಒದ್ದೆಯಾಗುವಂತೆ ತಲೆಸ್ನಾನ ಬೇಡ. ಬೇರೆ ಕ್ಲಿನಿಕ್‌ನಲ್ಲಿ ಯಾರೂ ಅದರಿಂದ ಡ್ರಿಪ್ ಹಾಕುವುದಕ್ಕೆ, ರಕ್ತ ತೆಗೆಯುವುದಕ್ಕೆ ಬಿಡಬೇಡಿ. ಕೈಗೆ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಎರಡು ರಕ್ತನಾಳ ಸೇರಿಸುವ ಆಪರೇಷನ್) ಮಾಡಿಸಿದ್ದೀರಾ? ಅದು ಬಲಿಯಲು ಆರೆಂಟು ವಾರ ಬೇಕು, ಆ ಕೈಗೆ ಈಗಿನಿಂದಲೇ ಸೂಜಿ ಚುಚ್ಚಿಸಬೇಡಿ.

ನನಗೆ ಪೇಸ್‌ಮೇಕರ್ ಇದೆ, ಹೆಂಡತಿಗೆ ಕೃತಕ ಕವಾಟ ಇದೆ. ಇಬ್ಬರೂ ಹಲ್ಲು ಕೀಳಿಸಬೇಕು. ಮುಂಚೆ ಆಂಟಿಬಯಾಟಿಕ್ ಬೇಕೇ? (ಮಸ್ಕತ್‌ನಿಂದ)

ನಿಮಗೆ ಬೇಡ, ಅವರಿಗೆ ಬೇಕು. ಕೃತಕ ಕವಾಟ ಇರುವವರಿಗೆ, ಹಿಂದೆ ಕವಾಟದ ಸೋಂಕು ಆಗಿದ್ದವರಿಗೆ, ಕೆಲವು ಬಗೆಯ ಹುಟ್ಟು ಹೃದ್ರೋಗಿಗಳಿಗೆ, ಹಲ್ಲು ಕೀಳುವ 30ರಿಂದ 60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಪೆನ್ಸಿಲಿನ್ ಅಲರ್ಜಿ ಇದ್ದರೆ ಅಜಿಥ್ರೊಮೈಸಿನ್ 500 ಮಿಲಿಗ್ರಾಂ. ಆಮೇಲೆ ಐದು ದಿನ ಮುಂದುವರಿಸುವುದು ಬೇಕಿಲ್ಲ. ಪೇಸ್‌ಮೇಕರ್, ಹೃದಯದ ಸ್ಟೆಂಟ್, ಮಂಡಿ ಕೀಲು ಇರುವವರಿಗೆ ಇದು ಬೇಡ. ನಿಮ್ಮ ಹೆಂಡತಿ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಕೂಡದು. ಮುಂದೆ ಯಾವಾಗಲಾದರೂ ಅವರಿಗೆ ಕಾರಣ ತಿಳಿಯದ ಜ್ವರ ಎರಡು ಮೂರು ದಿನ ಹಿಡಿದರೆ, ಮೂರು ಜೊತೆ ಬ್ಲಡ್ ಕಲ್ಚರ್ ಆಗುವವರೆಗೆ ಒಂದು ಗುಳಿಗೆ ಆಂಟಿಬಯಾಟಿಕ್ ಕೂಡ ಬೇಡ.

ಇನ್ನು ನಿಮಗೆ: ಪೇಸ್‌ಮೇಕರ್ ಇರುವ ಜಾಗ ಕೆಂಪಾಗಿ ಉಬ್ಬಿದರೆ ಯಾರಿಗೂ ಅಲ್ಲಿ ಸೂಜಿ ಹಾಕಿ ಎಳೆಯಲು ಬಿಡಬೇಡಿ. ಇಲ್ಲದ ಸೋಂಕನ್ನು ಒಳಗೆ ಕಳಿಸಿದಂತಾಗುತ್ತದೆ. ಚರ್ಮ ತೆಳುವಾಗಿ ಯಂತ್ರದ ಅಂಚು ಕಂಡರೆ ನೋವಿಲ್ಲದಿದ್ದರೂ ಅದು ಸೋಂಕೇ. ಯಂತ್ರ, ತಂತಿ ಎರಡನ್ನೂ ತೆಗೆಯಬೇಕಾಗುತ್ತದೆ.

ಮುಂದಿನ ವಾರ ಹರ್ನಿಯಾಗೆ ಮೆಶ್ (ಜಾಲರಿ) ಹಾಕುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲೇ ಶೇವ್ ಮಾಡಿಕೊಂಡು ಬರಲು ವಾರ್ಡಿನವರು ಹೇಳಿದ್ದಾರೆ. (ತುಮಕೂರು)

ಮಾಡಿಕೊಳ್ಳಬೇಡಿ. ರೇಜರ್ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ಅದರಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ರೇಜರ್ ಬೇಡ ಎಂದಿದೆ. ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಯಂತ್ರದಲ್ಲಿ ಕತ್ತರಿಸಲಿ. ಹಿಂದಿನ ರಾತ್ರಿ, ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ. ಚರ್ಮ ಕೊಯ್ಯುವ ಮೊದಲ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಆಗುತ್ತದೆಯೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ವಾರ್ಡಿನಲ್ಲೇ ಬೆಳಿಗ್ಗೆ ಆರಕ್ಕೆ ಕೊಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಕೊಯ್ದರೆ ಅದು ಲೆಕ್ಕಕ್ಕಿಲ್ಲ.